ಈಥೀನೋ ಈಥೈನೋ? ಬ್ರೋಮಿನ್ ನೀರಿನ ಆಚೆಗೆ

ಬ್ರೋಮಿನ್ ನೀರಿನ ಕಿತ್ತಳೆ-ಕಂದು ಬಣ್ಣ ಹೋದರೆ ಅನಿಲ ಅಪರ್ಯಾಪ್ತ (ಕಾರ್ಬನ್‌ಗಳ ನಡುವೆ ದ್ವಿಬಂಧ ಅಥವಾ ತ್ರಿಬಂಧ ಇರುವಂಥದ್ದು) ಎಂದು ಬರೆಯುತ್ತೇವೆ. ಏಕಬಂಧದ ಈಥೇನನ್ನು ಬೇರೆ ಮಾಡಲು ಇದು ಸಾಕು. ಆದರೆ ದ್ವಿಬಂಧದ ಈಥೀನ್, ತ್ರಿಬಂಧದ ಈಥೈನ್ ಎರಡೂ ಈ ಬಣ್ಣ ತೆಗೆಯುತ್ತವೆ. ಇನ್ನೂ ಒಂದು ತೊಡಕಿದೆ: ತಯಾರಿಕೆಯಲ್ಲಿ ಸೇರಿಕೊಂಡ ಕಲ್ಮಶವೂ ಬಣ್ಣ ತೆಗೆಯಬಹುದು. ಹಾಗಾಗಿ ತಯಾರಿಕೆಯನ್ನೂ ಪರೀಕ್ಷೆಯನ್ನೂ ಒಟ್ಟಿಗೆ ಓದಿಕೊಳ್ಳಿ.

ಎಥನಾಲನ್ನು ಸಾರೀಕೃತ ಸಲ್ಫ್ಯೂರಿಕ್ ಆಮ್ಲದೊಂದಿಗೆ ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ನೀರು ಕಳೆದು ಈಥೀನ್ ಬರುತ್ತದೆ. ಶಾಖ 140ರ ಆಸುಪಾಸಿನಲ್ಲೇ ನಿಂತು ಎಥನಾಲ್ ಹೆಚ್ಚಿದ್ದರೆ ಮುಖ್ಯವಾಗಿ ಡೈಈಥೈಲ್ ಈಥರ್ ಸಿಗುತ್ತದೆ. ಬಿಸಿ ಆಮ್ಲ ಎಥನಾಲನ್ನು ಸ್ವಲ್ಪ ಉತ್ಕರ್ಷಿಸಿ ತಾನು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದೂ ಬ್ರೋಮಿನ್ ಬಣ್ಣ ಕಳೆಯುವ ಅನಿಲವೇ! ಈ ಕಾರಣಕ್ಕೇ ಅನಿಲವನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಮೂಲಕ ಹಾಯಿಸುವುದು. ಚಿತ್ರ ಬರೆಯುವಾಗ ಆ ಸೀಸೆಯನ್ನು ಬಿಡಬೇಡಿ.

ಈಥೈನ್‌ಗೆ ಕಾಯಿಸುವ ಕೆಲಸವಿಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರನ್ನು ಹನಿಹನಿಯಾಗಿ ಬಿಟ್ಟರೆ ಸಾಕು. ಮಾವಿನ ಮಂಡಿಗಳಲ್ಲಿ ಕಾಯಿ ಹಣ್ಣು ಮಾಡಲು ಕದ್ದು ಬಳಸುವ ಕಾರ್ಬೈಡ್ ಇದೇ; ಭಾರತದಲ್ಲಿ ಆ ಬಳಕೆಗೆ ನಿಷೇಧವಿದೆ. ಕಾರ್ಬೈಡ್‌ನಿಂದ ಬರುವ ಅನಿಲದ ಕೆಟ್ಟ ವಾಸನೆಗೆ ಮುಖ್ಯ ಕಾರಣ ಫಾಸ್ಫೀನ್‌ನಂಥ ಕಲ್ಮಶಗಳು. ಶುದ್ಧ ಈಥೈನ್ ಹಾಗೆ ನಾರುವುದಿಲ್ಲ. ಆಮ್ಲೀಯ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಹಾಯಿಸಿದರೆ ಫಾಸ್ಫೀನ್ ಅಲ್ಲೇ ಉಳಿಯುತ್ತದೆ.

ಈಗ ಎರಡನ್ನೂ ಬೇರ್ಪಡಿಸೋಣ. ಅಮೋನಿಯ ಸೇರಿಸಿದ ಸಿಲ್ವರ್ ನೈಟ್ರೇಟ್‌ನಲ್ಲಿ ಈಥೈನ್ ಬಿಳಿ ಪ್ರಕ್ಷೇಪ (ಕರಗದೆ ಬೇರ್ಪಡುವ ಘನ) ಕೊಡುತ್ತದೆ. ಅಮೋನಿಯ ಬೆರೆತ ಕ್ಯುಪ್ರಸ್ ಕ್ಲೋರೈಡ್‌ನಲ್ಲಿ ಕೆಂಪು ಪ್ರಕ್ಷೇಪ. ಈಥೀನ್ ಎರಡರಲ್ಲೂ ಏನೂ ಕೊಡುವುದಿಲ್ಲ. ಕಾರಣ ಅರ್ಥವಾದರೆ ಉರು ಹೊಡೆಯಬೇಕಿಲ್ಲ. ಈಥೈನ್‌ನ ಕಾರ್ಬನ್ ಎಸ್‌ಪಿ ಸಂಕರಣದ್ದು (ಒಂದು ಎಸ್, ಒಂದು ಪಿ ಕಕ್ಷಕ ಬೆರೆತದ್ದು), ಅಂದರೆ ಎಸ್ ಗುಣ ಶೇ. 50, ಈಥೀನ್‌ನಲ್ಲಿ ಅದು ಮೂರನೇ ಒಂದು ಭಾಗ ಮಾತ್ರ. ಎಸ್ ಗುಣ ಹೆಚ್ಚಿದಷ್ಟೂ ಕಾರ್ಬನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಬಿಗಿಯಾಗಿ ಎಳೆದುಕೊಳ್ಳುತ್ತದೆ, ಹೈಡ್ರೋಜನ್ ಪ್ರೋಟಾನ್ ಆಗಿ ಕಳಚುವುದು ಸುಲಭವಾಗುತ್ತದೆ, ಆ ಜಾಗಕ್ಕೆ ಬೆಳ್ಳಿ ಬರುತ್ತದೆ.

ಎಚ್ಚರಿಕೆ: ಈ ಪ್ರಕ್ಷೇಪಗಳು ಒಣಗಿದರೆ ಸಿಡಿಯುತ್ತವೆ. ಪ್ರನಾಳವನ್ನು ಹಾಗೇ ಬಿಟ್ಟು ಹೋಗಬಾರದು. ಒದ್ದೆಯಿರುವಾಗಲೇ ಶಿಕ್ಷಕರ ಎದುರಿನಲ್ಲಿ ಸಾರರಿಕ್ತ ಆಮ್ಲ ಹಾಕಿ ನಾಶಮಾಡಿ. ಬೆಳ್ಳಿಯದಕ್ಕೆ ನೈಟ್ರಿಕ್ ಆಮ್ಲ.

ಈ ಪ್ರಕ್ಷೇಪದ ಪರೀಕ್ಷೆಯನ್ನು ‘ತ್ರಿಬಂಧದ ಪರೀಕ್ಷೆ’ ಎಂದು ಬರೆದರೆ ತಪ್ಪು. ಬ್ಯೂಟ್-1-ಐನ್ ಪ್ರಕ್ಷೇಪ ಕೊಡುತ್ತದೆ, ಬ್ಯೂಟ್-2-ಐನ್ ಕೊಡುವುದಿಲ್ಲ. ಎರಡರಲ್ಲೂ ತ್ರಿಬಂಧವಿದೆ, ಎರಡನೆಯದರಲ್ಲಿ ಆ ಬಂಧದ ಕಾರ್ಬನ್‌ಗಳ ಮೇಲೆ ಹೈಡ್ರೋಜನ್ ಇಲ್ಲ.