ಎನ್95 ಮತ್ತು ಸರ್ಜಿಕಲ್ ಮಾಸ್ಕ್: ಲ್ಯಾಬಿನಲ್ಲಿ ಒಂದು ಲೆಕ್ಕ, ವಾರ್ಡಿನಲ್ಲಿ ಇನ್ನೊಂದು

ಹುಬ್ಬಳ್ಳಿಯಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಮಾಸ್ಕ್ ಪಾಠದಲ್ಲಿ ನಾವೆಲ್ಲ ಸಿಕ್ಕಿಬೀಳುವ ಜಾಗ ಒಂದೇ. ಲ್ಯಾಬಿನಲ್ಲಿ ಸರ್ಜಿಕಲ್ ಮಾಸ್ಕ್‌ಗಿಂತ ಎನ್95 ತುಂಬಾ ಮುಂದೆ. ಆಸ್ಪತ್ರೆಯಲ್ಲಿ ಹೋಲಿಸಿ ನೋಡಿದರೆ ಆ ಅಂತರ ಸರಿಯಾಗಿ ಕಾಣುವುದೇ ಇಲ್ಲ. ಯಾಕೆ?

ಮೊದಲು ಎನ್95 ಕೆಲಸ ಮಾಡುವ ಬಗೆ. ಅದು ಹಿಟ್ಟಿನ ಸಾಣಿಗೆಯ ಹಾಗೆ ಅಂತ ನಾನು ಅಂದುಕೊಂಡಿದ್ದೆ. ಸಾಣಿಗೆಯಲ್ಲಿ ದಪ್ಪನೆಯದು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗಿಳಿಯುತ್ತದೆ. ಇಲ್ಲಿ ಬೇರೆ. ದೊಡ್ಡ ಕಣ ಗಾಳಿಯ ಜೊತೆ ತಿರುಗಲಾಗದೆ ಎಳೆಗೆ ಬಡಿಯುತ್ತದೆ. ತೀರಾ ಸಣ್ಣದು ಅತ್ತಿತ್ತ ಅಲೆದು ಎಳೆಗೆ ಅಂಟುತ್ತದೆ. ನಡುವಿನ ಗಾತ್ರದ್ದು, ಅಂದರೆ ಸುಮಾರು 0.3 ಮೈಕ್ರಾನ್‌ನದು, ಹಿಡಿಯುವುದೇ ಕಷ್ಟ. ಪರೀಕ್ಷೆ ಮಾಡುವುದು ಅದರ ಮೇಲೆಯೇ. ಅದರಲ್ಲೂ ಕನಿಷ್ಠ ಶೇ 95ರಷ್ಟು ತಡೆಯಬೇಕು. ಎಳೆಗಳಲ್ಲಿ ಕಣ ಸೆಳೆಯುವ ವಿದ್ಯುತ್ ಚಾರ್ಜ್ ಇರುತ್ತದೆ. ಸೋಪು ಹಾಕಿ ಒಗೆದರೆ ಅದು ಕುಗ್ಗುತ್ತದೆ, ಆದ್ದರಿಂದ ಒಗೆಯಲೇಬೇಡಿ.

ಇಷ್ಟೆಲ್ಲ ಆದರೂ ಗಾಳಿ ಪಕ್ಕದಿಂದ ನುಗ್ಗಿದರೆ ಏನು ಪ್ರಯೋಜನ? ನಾನು ಮೊದಲ ಸಲ ಎನ್95 ಹಾಕಿದಾಗ ಕನ್ನಡಕ ಮಸುಕಾಯಿತು. ಮೂಗಿನ ಪಕ್ಕದಲ್ಲಿ ಗಾಳಿ ಸೋರುತ್ತಿತ್ತು. ಕ್ಲಿಪ್ ಒತ್ತಿ ಕೂರಿಸಿದ ಮೇಲೆ ಸರಿಹೋಯಿತು. ಗಡ್ಡ ಇದ್ದರಂತೂ ಅದು ಮುಖಕ್ಕೆ ಕೂರುವುದೇ ಇಲ್ಲ. ಸರ್ಜಿಕಲ್ ಮಾಸ್ಕ್ ಇರುವುದು ಮುಖ್ಯವಾಗಿ ಸಿಡಿಯುವ ಹನಿ ತಡೆಯಲು, ಕೆನ್ನೆಯ ಹತ್ತಿರ ಅದು ಸಡಿಲವಾಗಿಯೇ ಇರುತ್ತದೆ.

ಈಗ ವಾರ್ಡಿಗೆ ಬರೋಣ. ಕೆನಡಾದ ಒಂಟಾರಿಯೊದಲ್ಲಿ 446 ನರ್ಸ್‌ಗಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸರ್ಜಿಕಲ್ ಹಾಕಿದವರಲ್ಲಿ ಶೇ 23.6 ಮಂದಿಗೆ ಫ್ಲೂ ತಗುಲಿತ್ತು, ಎನ್95 ಹಾಕಿದವರಲ್ಲಿ ಶೇ 22.9. ಹಾಗಾದರೆ ಎರಡೂ ದಂಡವೇ? ಹಾಗೆ ಬರೆದರೆ ತಪ್ಪು. ಮಾಸ್ಕೇ ಹಾಕದ ಗುಂಪು ಅದರಲ್ಲಿ ಇರಲಿಲ್ಲ. ಇನ್ನೊಂದು ಮಾತು: ಸೋಂಕು ರೋಗಿಯಿಂದಲೇ ಬರಬೇಕಂತಿಲ್ಲ. ನಮಗೇ ಚಿಗರಿ ಬಸ್ಸಿನಲ್ಲೋ ಮನೆಯಲ್ಲೋ ತಗುಲಬಹುದು. ಲೆಕ್ಕದಲ್ಲಿ ಅದೂ ಸೇರುತ್ತದೆ, ಎರಡು ಮಾಸ್ಕ್‌ಗಳ ನಡುವಿನ ವ್ಯತ್ಯಾಸ ಅದರಲ್ಲಿ ಕರಗಿಹೋಗುತ್ತದೆ.

2022ರ ಕೋವಿಡ್ ಅಧ್ಯಯನವನ್ನು ನಿಧಾನವಾಗಿ ಓದಿ. ಕೆನಡಾ, ಇಸ್ರೇಲ್, ಪಾಕಿಸ್ತಾನ, ಈಜಿಪ್ಟ್‌ನ 1009 ಸಿಬ್ಬಂದಿ. ಸರ್ಜಿಕಲ್ ಗುಂಪಿನಲ್ಲಿ ಶೇ 10.46 ಮಂದಿಗೆ ಕೋವಿಡ್ ತಗುಲಿತು, ಎನ್95 ಗುಂಪಿನಲ್ಲಿ ಶೇ 9.27. ಹಜಾರ್ಡ್ ರೇಷಿಯೋ (ಎನ್95ಗೆ ಹೋಲಿಸಿದರೆ ಸರ್ಜಿಕಲ್ ಗುಂಪಿನ ಅಪಾಯ ಎಷ್ಟು ಪಟ್ಟು ಅನ್ನುವುದು) 1.14, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸಂಖ್ಯೆ ಇರಬಹುದಾದ ವ್ಯಾಪ್ತಿ) 0.77ರಿಂದ 1.69. ಅಂದರೆ ಸರ್ಜಿಕಲ್‌ನಲ್ಲಿ ಅಪಾಯ ಶೇ 23 ಕಡಿಮೆಯೂ ಇರಬಹುದು, ಶೇ 69 ಜಾಸ್ತಿಯೂ ಇರಬಹುದು. ಎಷ್ಟು ಅಗಲ ನೋಡಿ! ಉತ್ತರದಲ್ಲಿ "ವ್ಯತ್ಯಾಸ ಇಲ್ಲ" ಅಂತ ಬರೆಯಬೇಡಿ. "ವ್ಯತ್ಯಾಸ ಸಾಬೀತಾಗಲಿಲ್ಲ" ಅಂತ ಬರೆಯಿರಿ. ಅಂಕ ಹೋಗುವುದು ಇಲ್ಲೇ.

ನನಗೆ ತುಂಬಾ ಮುಖ್ಯ ಅನಿಸಿದ್ದು ಬೀಜಿಂಗ್‌ನ 2013ರ ಅಧ್ಯಯನ. ಪಾಳಿಯುದ್ದಕ್ಕೂ ಎನ್95 ಹಾಕಿದವರಲ್ಲಿ ಶೇ 7.2 ಮಂದಿಗೆ ಉಸಿರಾಟದ ಕಾಯಿಲೆಯ ಲಕ್ಷಣ ಬಂತು. ಅಪಾಯದ ಕೆಲಸಕ್ಕಷ್ಟೇ ಎನ್95 ಹಾಕಿದವರಲ್ಲಿ ಶೇ 11.8, ಸರ್ಜಿಕಲ್ ಹಾಕಿದವರಲ್ಲಿ ಶೇ 17. ಇದು ಲಕ್ಷಣ ನೋಡಿ ಎಣಿಸಿದ್ದು, ಲ್ಯಾಬಿನಲ್ಲಿ ವೈರಸ್ ಖಚಿತಪಡಿಸಿದ್ದಲ್ಲ. ಆದರೂ ಎಷ್ಟು ಹೊತ್ತು ಹಾಕುತ್ತೇವೆ ಅನ್ನುವುದಕ್ಕೆ ಬೆಲೆ ಇದೆ ಅಲ್ವಾ?

ಬಟ್ಟೆ ಮಾಸ್ಕ್ ಬಗ್ಗೆ ಜಾಸ್ತಿ ಬೇಡ. ವಿಯೆಟ್ನಾಂನ ಹನೋಯ್‌ನ 14 ಆಸ್ಪತ್ರೆಗಳ ಅಧ್ಯಯನದಲ್ಲಿ ಜಾಸ್ತಿ ಸೋಂಕು ಕಂಡದ್ದು ಅದನ್ನು ಹಾಕಿದವರಲ್ಲೇ. ಧೂಳಿಗೆ ಕಟ್ಟುವ ಕರ್ಚೀಫು ಬೈಕಿಗೇ ಇರಲಿ.

ಟಿಬಿ ವಾರ್ಡ್ ಪೋಸ್ಟಿಂಗ್ ಬಂದಾಗ ಎನ್95 ಅನ್ನು ಬಾಗಿಲ ಹೊರಗೇ ಹಾಕಿಕೊಳ್ಳಿ. ಎರಡೂ ಕೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಅಂಚಿನಲ್ಲಿ ಗಾಳಿ ತಾಗಿದರೆ ಪಟ್ಟಿ ಸರಿಮಾಡಿ, ಆಮೇಲೆ ಒಳಗೆ ಹೋಗಿ. ತೆಗೆಯುವುದು ಹೊರಗೆ ಬಂದ ಮೇಲೆ, ಪಟ್ಟಿ ಹಿಡಿದು.