ಅಜ್ಜನ ಕಾಲದ ಕೋವಿ ಕನ್ನಡಿಯಂತೆ ಹೊಳೆಯುತ್ತಿದೆ, ಈಡು ಹೊಡೆಯಬಹುದಾ?

ಪ್ರಶ್ನೆ: ನಮ್ಮ ಕಾಫಿ ತೋಟ ಸಕಲೇಶಪುರದ ಹತ್ತಿರ. ಅಜ್ಜ ಬಳಸುತ್ತಿದ್ದ 12 ಬೋರಿನ ಇಂಗ್ಲೆಂಡ್ ಜೋಡುನಳಿಗೆ ಕೋವಿಗೆ ಈಗ ನನ್ನ ಹೆಸರಲ್ಲಿ ಲೈಸೆನ್ಸ್ ಆಗಿದೆ. ನಳಿಗೆಯ ಒಳಗೆ ಒಂದು ಚುಕ್ಕೆ ತುಕ್ಕಿಲ್ಲ. ಬಳಸಬಹುದಾ?

ಉತ್ತರ: ನಳಿಗೆಯ ದಪ್ಪ ಅಳತೆ ಮಾಡಿಸುವ ತನಕ ಒಂದು ಈಡೂ ಬೇಡ. ನಿಮಗೆ ಧೈರ್ಯ ಕೊಟ್ಟ ಆ ಹೊಳಪೇ ನನಗೆ ಅನುಮಾನ ತರುತ್ತಿದೆ.

ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲ ಅಂದರೆ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು. ಜೊತೆಗೆ ಹಳೇ ತೋಟಾಗಳ ಕೇಪು (ಮದ್ದಿಗೆ ಕಿಡಿ ಹಚ್ಚುವ ಭಾಗ) ಸುಟ್ಟಾಗ ಉಳಿಯುವ ಉಪ್ಪು ತೇವ ಎಳೆಯುತ್ತದೆ, ನಳಿಗೆಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಇಷ್ಟೂ ವರ್ಷ ಅಲ್ಲೇ ಇದ್ದ ಕೋವಿಯಲ್ಲಿ ಗುಳಿಯೇ ಇಲ್ಲ ಅಂದರೆ, ಒಂದೋ ಅಜ್ಜ ತುಂಬಾ ಜೋಪಾನ ಮಾಡಿದ್ದಾರೆ, ಇಲ್ಲಾ ಯಾವತ್ತೋ ಯಾರೋ ಒಳಗಡೆ ಉಜ್ಜಿಸಿದ್ದಾರೆ. ಗುಳಿ ಹೋಗಬೇಕಾದರೆ ಸುತ್ತಲಿನ ಉಕ್ಕನ್ನೂ ಅದರ ಆಳಕ್ಕೆ ಇಳಿಸಬೇಕು. ಹೊರಗೆ ನೆಗ್ಗು ಬಿದ್ದಿದ್ದರೆ, ಅದನ್ನು ಎಬ್ಬಿಸಿ ಅರದಿಂದ ನಯ ಮಾಡಿದಾಗ ಅಲ್ಲೂ ಉಕ್ಕು ಹೋಗುತ್ತದೆ. ಆಮೇಲೆ ಕಪ್ಪು ಬಣ್ಣ ಕೊಟ್ಟರೆ ಯಾವ ಕಣ್ಣಿಗೂ ಕಾಣಲ್ಲ.

ಸಾಮಾನ್ಯವಾಗಿ ನಳಿಗೆ ತೆಳ್ಳಗಾಗುವುದು ಎಡಗೈ ಹಿಡಿಯುವ ಜಾಗದಿಂದ ಮುಂದಕ್ಕೆ. ಒಡೆದರೆ ಮೊದಲು ಹೋಗುವುದು ಬೆರಳು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ನಳಿಗೆಯ ಗೋಡೆಯ ದಪ್ಪ ಅಳೆಯುವ ಗೇಜ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಬೇರೆಯವರನ್ನು ಹುಡುಕಿ. ಒಂದು ಕಡೆ ಅಳೆದರೆ ಸಾಲದು, ಎರಡೂ ನಳಿಗೆಯನ್ನು ಉದ್ದಕ್ಕೂ ಸುತ್ತಲೂ ಅಳೆಯಬೇಕು. ಎಲ್ಲಾದರೂ ಅರ್ಧ ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಆಸೆ ಬಿಡಿ. ನಳಿಗೆಯ ಅಡಿಯಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆ (ನಳಿಗೆ ಒತ್ತಡ ತಡೆಯುತ್ತದೆ ಅಂತ ಪರೀಕ್ಷಿಸಿ ಒತ್ತಿದ ಗುರುತು) ಇರುತ್ತದೆ, ಬೋರಿನ, ಅಂದರೆ ನಳಿಗೆಯ ಒಳಗಿನ ಅಗಲದ, ಅಳತೆಯೂ ಅಲ್ಲೇ ಇರುತ್ತದೆ. ಈಗಿನ ಬೋರು ಅದಕ್ಕಿಂತ ಸುಮಾರು ಕಾಲು ಮಿಲಿಮೀಟರ್ ಜಾಸ್ತಿ ಬಂದರೆ ಒಳಗೆ ಉಕ್ಕು ತೆಗೆದಿದ್ದಾರೆ ಅಂತಲೇ ಲೆಕ್ಕ, ಆ ಮುದ್ರೆಗೂ ಬೆಲೆ ಇಲ್ಲ.

ಹಿಂಬದಿಯಿಂದ ಎರಡು ಮೂರು ಇಂಚು ಮುಂದೆ ನಳಿಗೆಯ ಸುತ್ತ ಕೂದಲೆಳೆಯಂಥ ಗೆರೆ ಕಂಡರೆ, ಹಳೇ ನಳಿಗೆ ಕತ್ತರಿಸಿ ಹೊಸದನ್ನು ಕೂರಿಸಿದ್ದಾರೆ. ಸರಿಯಾಗಿ ಮಾಡಿ ಮತ್ತೆ ಪರೀಕ್ಷೆಗೆ ಕಳಿಸಿದ್ದರೆ ಅದರಲ್ಲಿ ತಪ್ಪಿಲ್ಲ, ಮರುಪರೀಕ್ಷೆಯ ಮುದ್ರೆ ಇರಬೇಕು ಅಷ್ಟೇ.

ತೋಟಾದ ಉದ್ದವನ್ನೂ ಕೇಳಿ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟು 65 ಮಿಲಿಮೀಟರ್ ತೋಟಾಕ್ಕೆ ಮಾಡಿದವು, ಈಗ ಹೆಚ್ಚಾಗಿ ಸಿಗುವುದು 70ರದು. ಮಡಚಿದ ಬಾಯಿಯ 70ರ ತೋಟಾ 65ರ ಕೋವಿಯಲ್ಲೂ ಸಲೀಸಾಗಿ ಒಳಗೆ ಕೂತುಬಿಡುತ್ತದೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ತೆಳ್ಳಗಿನ ನಳಿಗೆಗೆ ಇದೂ ಸೇರಿದರೆ ಏನಾಗಬಹುದು ಹೇಳಿ.

ಟೈರಿಗೆ ಕಟ್ಟಿ, ದೂರದಿಂದ ಹಗ್ಗ ಎಳೆದು ಪರೀಕ್ಷೆ ಮಾಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮೊದಲನೇ ಈಡು ತಡೆದುಕೊಂಡ ನಳಿಗೆ ಹತ್ತನೆಯದಕ್ಕೆ ಸೀಳಬಹುದು.

ಅಳತೆಯಲ್ಲಿ ಕೋವಿ ಸೋತರೂ ಅದು ಕಾನೂನಿಗೆ ಆಯುಧವೇ. ಮನೆಯಲ್ಲಿ ಇಟ್ಟುಕೊಂಡರೆ ಲೈಸೆನ್ಸ್ ನವೀಕರಣ ತಪ್ಪಿಸಬೇಡಿ. ಬೇಡವಾದರೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ.