ಮೊದಲು ಗುಂಡಿ, ಆಮೇಲೆ ಕತ್ತರಿ

ಟೈಲರ್ ಅಂಗಡಿಗೆ ಕೆಲಸ ಕಲಿಯಲು ಸೇರಿದ ಹುಡುಗನ ಕೈಗೆ ಮೊದಲ ದಿನವೇ ಕತ್ತರಿ ಸಿಗುವುದಿಲ್ಲ. ಕಾಜಾ ಮಾಡು, ಗುಂಡಿ ಹಾಕು, ಅಂಚು ಮಡಚಿ ಹೆಮ್ಮಿಂಗ್ ಮಾಡು ಎನ್ನುತ್ತಾರೆ. 1970ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾಕ್ಕೆ ಹೋಗಿ ಅಲ್ಲಿನ ವೈ ಮತ್ತು ಗೋಲಾ ಸಮುದಾಯಗಳ ದರ್ಜಿಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಜೀನ್ ಲೇವ್ ಕಂಡದ್ದೂ ಇದನ್ನೇ. ಬಟ್ಟೆ ಸಿದ್ಧವಾಗುವಾಗ ಕತ್ತರಿಸುವುದು ಮೊದಲು, ಹೊಲಿಯುವುದು ಆಮೇಲೆ, ಗುಂಡಿ ಕೊನೆಗೆ. ಕಲಿಯುವವನು ಮಾತ್ರ ಕೊನೆಯಿಂದ ಹಿಂದಕ್ಕೆ ನಡೆಯುತ್ತಾನೆ. ಗುಂಡಿ ತಪ್ಪಿದರೆ ದಾರ ಬಿಚ್ಚಿ ಮತ್ತೆ ಹಾಕಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಜೊತೆಗೆ, ನೂರು ಅಂಗಿಗಳಿಗೆ ಗುಂಡಿ ಹಾಕುವಷ್ಟರಲ್ಲಿ ಅಂಗಿ ಎಂದರೆ ಹೇಗಿರಬೇಕು ಎಂಬುದು ಕೈಗೆ ಗೊತ್ತಾಗಿಬಿಟ್ಟಿರುತ್ತದೆ. 1991ರಲ್ಲಿ ಲೇವ್ ಮತ್ತು ಎಟಿಯೆನ್ ವೆಂಗರ್ ಇದನ್ನೊಂದು ಸಿದ್ಧಾಂತವಾಗಿ ಮಂಡಿಸಿದರು. ಕಲಿಯುವವರು ಕಸುಬಿನ ಅಂಚಿನಲ್ಲಿ ನಿಜವಾದ, ಆದರೆ ಸಣ್ಣ ಕೆಲಸ ಮಾಡುತ್ತ ಮಾಡುತ್ತ ನಡುವಿಗೆ ಬರುತ್ತಾರೆ ಎಂಬುದು ಅದರ ತಿರುಳು. ಓಪನ್ ಸೋರ್ಸ್ ತಂತ್ರಾಂಶದ ಲೋಕದಲ್ಲೂ ಹೊಸಬರು ಕಲಿಯುವುದು ಹೀಗೆಯೇ.

ಅದೇ ವರ್ಷದ ಆಗಸ್ಟ್ 25ರಂದು, ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಎಂದು ಲೋಕಕ್ಕೆ ತಿಳಿಸಿದ. ಅದು ಬೆಳೆದು ಲಿನಕ್ಸ್ ಆಯಿತು. ಇಂದು ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಕೂತಿರುವುದು ಅದೇ. ಓಪನ್ ಸೋರ್ಸ್ ಎಂದರೆ ಇಷ್ಟೇ: ತಂತ್ರಾಂಶದ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಯೋಜನೆಗೆ ಕಳಿಸಬಹುದು. ಕಳಿಸಿದ್ದು ನೇರವಾಗಿ ಒಳಗೆ ಸೇರುವುದಿಲ್ಲ. ಅನುಭವಿಯೊಬ್ಬರು ಸಾಲು ಸಾಲಾಗಿ ಓದಿ, ಪ್ರಶ್ನೆ ಕೇಳಿ, ಒಪ್ಪಿದ ಮೇಲೆ ಸೇರುತ್ತದೆ. ಈ ಓದಿಗೆ ಕೋಡ್ ರಿವ್ಯೂ ಎಂದು ಹೆಸರು. ಹೊಸಬರಿಗೆ ದಾರಿ ತೋರಿಸುವ ಮೆಂಟರ್ ಎನ್ನುವವರ ಕೆಲಸದ ಮುಕ್ಕಾಲು ಪಾಲು ನಡೆಯುವುದು ಇಲ್ಲಿ.

ಈ ಕಲಿಕೆಗೆ ದೊಡ್ಡ ಮಟ್ಟದ ವ್ಯವಸ್ಥೆಯೊಂದು ಬಂದದ್ದು 2005ರಲ್ಲಿ. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಕಲಿತದ್ದನ್ನು ಮರೆಯದಿರಲಿ ಎಂದು ಗೂಗಲ್ ಕಂಪನಿ 'ಸಮ್ಮರ್ ಆಫ್ ಕೋಡ್' ಶುರುಮಾಡಿತು. ಮೆಂಟರ್ ಒಬ್ಬರ ಮಾರ್ಗದರ್ಶನದಲ್ಲಿ ಓಪನ್ ಸೋರ್ಸ್ ಯೋಜನೆಯೊಂದಕ್ಕೆ ಕೋಡ್ ಬರೆಯುವ ಕಾರ್ಯಕ್ರಮ ಇದು. ಮೊದಲ ವರ್ಷ 8,700ಕ್ಕೂ ಹೆಚ್ಚು ಅರ್ಜಿಗಳು ಬಂದವು, ಆಯ್ಕೆಯಾದವರು ಸುಮಾರು 400 ಮಂದಿ. ಯೋಜನೆಯೊಂದಕ್ಕೆ 5,000 ಡಾಲರ್. ಅದರಲ್ಲಿ 4,500 ವಿದ್ಯಾರ್ಥಿಗೆ, 500 ಮಾರ್ಗದರ್ಶನ ಮಾಡಿದ ಸಂಸ್ಥೆಗೆ. ಮೂರು ತಿಂಗಳು ಸಂಜೆಗಳನ್ನು ಕೊಟ್ಟ ಮೆಂಟರ್‌ಗೆ ಸಂಬಳವೆಂದು ಏನೂ ಇರಲಿಲ್ಲ. ಇಂದು ಈ ದಾರಿಯಲ್ಲಿ ನಡೆದವರ ಸಂಖ್ಯೆ 20,000 ದಾಟಿದೆ. 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕೆಂದಿಲ್ಲ, 18 ತುಂಬಿದ ಹೊಸಬರೂ ಸೇರಬಹುದು.

ಮೊದಲ ಹತ್ತು ವರ್ಷಗಳಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ್ದು ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲ, ಶ್ರೀಲಂಕಾದ ಮೊರಟುವಾ ವಿಶ್ವವಿದ್ಯಾಲಯ. ಆ ದೇಶದ ಹಲವು ಪ್ರೋಗ್ರಾಮರುಗಳು ಆಗಲೇ ಅಪಾಚೆ ಎಂಬ ಓಪನ್ ಸೋರ್ಸ್ ಸಂಸ್ಥೆಯ ಯೋಜನೆಗಳಲ್ಲಿ ದುಡಿಯುತ್ತಿದ್ದರು. ದಾರಿ ತೋರಿಸಬಲ್ಲ ಅಕ್ಕ, ಅಣ್ಣಂದಿರು ಹತ್ತಿರದಲ್ಲೇ ಇದ್ದದ್ದು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಈಗ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಹಾಸನದ ಇಂಜಿನಿಯರಿಂಗ್ ಕಾಲೇಜಿನ ಹುಡುಗಿ, ಹೆಸರು ಶಾಲಿನಿ ಎಂದಿರಲಿ. ಅವಳ ಮೆಂಟರ್ ಜರ್ಮನಿಯಲ್ಲಿದ್ದಾರೆ. ಅವರು ಮೊದಲು ಕೇಳಬೇಕಾದದ್ದು ಪ್ರೋಗ್ರಾಮಿಂಗ್ ಬಗ್ಗೆ ಅಲ್ಲ, 'ನಿನ್ನ ಪರೀಕ್ಷೆ ಯಾವಾಗ?' ಎಂದು. ಅವರ ಕಡೆಯ ಬೇಸಿಗೆ ರಜೆ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸೆಮಿಸ್ಟರ್ ಪರೀಕ್ಷೆಯ ಕಾಲ. ಇದನ್ನು ಕೇಳದೆ ಹಾಕಿದ ವೇಳಾಪಟ್ಟಿ ಜೂನ್‌ನಲ್ಲಿ ಕುಸಿಯುತ್ತದೆ.

ಶಾಲಿನಿಗೆ ಸಿಕ್ಕ ಮೊದಲ ಕೆಲಸ ಗುಂಡಿ ಹಾಕುವಂಥದ್ದೇ: ಪಟ್ಟಿಯಲ್ಲಿ ಶೀರ್ಷಿಕೆ ಉದ್ದವಾದರೆ ಇಂತಿಷ್ಟು ಅಕ್ಷರಕ್ಕೆ ಕತ್ತರಿಸಿ ಮುಂದೆ ಮೂರು ಚುಕ್ಕಿ ಹಾಕಬೇಕು. ಅವಳು ಅರ್ಧ ಗಂಟೆಯಲ್ಲಿ ಎರಡು ಸಾಲು ಬರೆದು ಕಳಿಸುತ್ತಾಳೆ. ಇಂಗ್ಲಿಷಿನಲ್ಲಿ ಸರಿಯಾಗಿ ಓಡುತ್ತದೆ. ಮೆಂಟರ್ ಒಂದೇ ಪ್ರಶ್ನೆ ಬರೆಯುತ್ತಾರೆ: 'ನಿನ್ನ ಭಾಷೆಯಲ್ಲಿ ಓಡಿಸಿ ನೋಡಿದೆಯಾ?'

ಅವಳು 'ಸ್ತ್ರೀಯರು' ಎಂದು ಕೊಟ್ಟು, ಮೂರಕ್ಕೆ ಕತ್ತರಿಸು ಎನ್ನುತ್ತಾಳೆ. ತೆರೆಯ ಮೇಲೆ ಉಳಿಯುವುದು 'ಸ್ತ' ಮಾತ್ರ. ಕಾರಣ ಕನ್ನಡ ಯೂನಿಕೋಡ್‌ನ ಒಳರಚನೆಯಲ್ಲಿದೆ. ಲಿಪಿಯ ಒಂದೊಂದು ಗುರುತಿಗೂ ಒಂದು ಸಂಕೇತ ಕೊಡುವ ಪದ್ಧತಿ ಯೂನಿಕೋಡ್. ಮೂರನೇ ತರಗತಿಯ ಮಗುವಿಗೂ 'ಸ್ತ್ರೀ' ಒಂದು ಅಕ್ಷರ. ಕಂಪ್ಯೂಟರಿನ ನೆನಪಿನಲ್ಲಿ ಅದು ಆರು ಸಂಕೇತಗಳ ಸಾಲು: ಸಕಾರ, ಹಲಂತದ ಗುರುತು (್), ತಕಾರ, ಮತ್ತೆ ಹಲಂತದ ಗುರುತು, ರಕಾರ, ಕೊನೆಗೆ ದೀರ್ಘ ಈಕಾರದ ಗುರುತು. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 18. ಶಾಲಿನಿಯ ಪ್ರೋಗ್ರಾಂ ಎಣಿಸಿದ್ದು ಅಕ್ಷರವನ್ನಲ್ಲ, ಸಂಕೇತವನ್ನು.

ಕೆದಕಿದಷ್ಟೂ ಇನ್ನೂ ಇದೆ. ದೀರ್ಘ ಈಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಹ್ರಸ್ವ ಇಕಾರ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಆಗ ಅದೇ 'ಸ್ತ್ರೀ' ಏಳು ಸಂಕೇತಗಳಾಗುತ್ತದೆ. ಕಣ್ಣಿಗೆ ಎರಡೂ ಒಂದೇ. ಹುಡುಕುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದಗಳು, ಎರಡನ್ನೂ ಮೊದಲು ಒಂದೇ ರೂಪಕ್ಕೆ ತರದಿದ್ದರೆ ಹುಡುಕಿದ್ದು ಸಿಗುವುದೇ ಇಲ್ಲ.

ಮೆಂಟರ್‌ಗೆ ಸಂಕೇತ ಮತ್ತು ಬೈಟ್‌ಗಳ ವಿಚಾರ ಗೊತ್ತು, 'ಸ್ತ್ರೀ' ಒಂದೇ ಅಕ್ಷರ ಎಂಬುದು ಗೊತ್ತಿಲ್ಲ. ಶಾಲಿನಿಗೆ ಎರಡನೆಯದು ಗೊತ್ತು, ಮೊದಲನೆಯದು ಇವತ್ತು ಗೊತ್ತಾಯಿತು. ಅವಳು ಒತ್ತಕ್ಷರ, ಕಾಗುಣಿತಗಳನ್ನು ವಿವರಿಸಿ ನಾಲ್ಕು ಸಾಲು ಬರೆದಾಗ ಪಾಠ ಹೇಳುತ್ತಿರುವುದು ಅವಳೇ. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಪ್ರಿಯವಾದ ಗಳಿಗೆ ಇದು. ಆಮೇಲೆ ಅವಳು ಆ ಪದವನ್ನೇ ಒಂದು ಪರೀಕ್ಷೆಯಾಗಿ ಕೋಡಿನ ಜೊತೆ ಸೇರಿಸುತ್ತಾಳೆ. ಮುಂದೆ ಯಾರಾದರೂ ಅದೇ ತಪ್ಪು ಮಾಡಿದರೆ ಕಂಪ್ಯೂಟರೇ ತಡೆಯುತ್ತದೆ.

ಆ ಮೆಂಟರ್ ತಾವೇ ತಿದ್ದಿದ್ದರೆ ಹತ್ತು ನಿಮಿಷದ ಕೆಲಸ. ಪ್ರಶ್ನೆ ಕೇಳಿ ಕಾದದ್ದಕ್ಕೆ ಒಂದು ವಾರ ಹಿಡಿಯಿತು. ಒಳ್ಳೆಯ ಪ್ರೋಗ್ರಾಮರುಗಳಿಗೆ ಈ ಕಾಯುವಿಕೆ ಬಹಳ ಕಷ್ಟ. ತಪ್ಪು ಕಂಡ ಕೂಡಲೇ ಕೈ ಕೀಬೋರ್ಡಿಗೆ ಓಡುತ್ತದೆ.

ಕಲಿಯುವವರ ಕಡೆಯ ಕಷ್ಟ ಬೇರೆ. ನಮ್ಮ ತರಗತಿಗಳಲ್ಲಿ ಎದ್ದು ಪ್ರಶ್ನೆ ಕೇಳಿದರೆ 'ಇಷ್ಟೂ ಗೊತ್ತಿಲ್ಲವಾ' ಎಂಬ ನೋಟ ಎದುರಾಗುತ್ತದೆ. ಹಾಗೆ ಬೆಳೆದ ಮಕ್ಕಳು ಸಿಕ್ಕಿಕೊಂಡಾಗ ಕೇಳುವುದಿಲ್ಲ, ಸುಮ್ಮನಾಗುತ್ತಾರೆ. ಎರಡು ದಿನ ಹೋಗಿ ಎರಡು ವಾರವಾಗುತ್ತದೆ. ಆಮೇಲೆ ಇಷ್ಟು ದಿನ ಏನೂ ಹೇಳಲಿಲ್ಲವಲ್ಲ ಎಂಬ ನಾಚಿಕೆಯೇ ಬಾಯಿ ಕಟ್ಟುತ್ತದೆ. ಬುದ್ಧಿ ಸಾಲದೆ ಬಿಟ್ಟವರಿಗಿಂತ ಹೀಗೆ ಮೌನಕ್ಕೆ ಬಿದ್ದು ಬಿಟ್ಟವರೇ ಹೆಚ್ಚು ಎಂಬುದು ನನ್ನ ಗಟ್ಟಿ ನಂಬಿಕೆ. ಒಂದು ಗಂಟೆ ಒದ್ದಾಡು, ಆಮೇಲೆ ಏನೇನು ಮಾಡಿ ನೋಡಿದೆ ಎಂದು ಬರೆದು ಎಲ್ಲರಿಗೂ ಕಾಣುವ ಜಾಗದಲ್ಲಿ ಕೇಳು ಎಂದು ಮೆಂಟರ್ ಮೊದಲ ದಿನವೇ ಹೇಳಬೇಕು. ತಾವೂ ಅಲ್ಲೇ 'ಇದು ನನಗೆ ಗೊತ್ತಿಲ್ಲ' ಎಂದು ಬರೆದು ತೋರಿಸಬೇಕು.

ಕರೆಯದಿದ್ದರೆ ಬಾರದವರೂ ಇದ್ದಾರೆ. 2006ರಲ್ಲಿ, ಲಿನಕ್ಸ್ ತೆರೆಯ ಮೇಲಿನ ಕಿಟಕಿ, ಮೆನುಗಳನ್ನು ರೂಪಿಸುವ ಗ್ನೋಮ್ ಯೋಜನೆಗೆ ಸಮ್ಮರ್ ಆಫ್ ಕೋಡ್ ಮೂಲಕ 181 ಅರ್ಜಿಗಳು ಬಂದವು. ಒಂದೂ ಹೆಣ್ಣುಮಕ್ಕಳದ್ದಲ್ಲ. ಅವರು ಅದೇ ವರ್ಷ ಹೆಣ್ಣುಮಕ್ಕಳಿಗಾಗಿಯೇ ಬೇರೊಂದು ಕರೆ ಕೊಟ್ಟು ಆರು ಮಂದಿಯನ್ನು ಸೇರಿಸಿಕೊಂಡರು. ಇಂದಿನ ಔಟ್ರೀಚಿ ಕಾರ್ಯಕ್ರಮ ಬೆಳೆದದ್ದು ಆ ಬೇರಿನಿಂದ. ಅಲ್ಲಿ ಆಯ್ಕೆಗೆ ಮುನ್ನವೇ ಅರ್ಜಿದಾರರು ಯೋಜನೆಗೆ ಒಂದು ಸಣ್ಣ ಕೆಲಸ ಮಾಡಿಕೊಡಬೇಕು, ಮೆಂಟರ್ ಅದಕ್ಕೆ ನೆರವಾಗಬೇಕು. ಅಂಕಪಟ್ಟಿಗಿಂತ ಹೆಚ್ಚನ್ನು ಆ ಒಂದು ಗುಂಡಿ ಹೇಳುತ್ತದೆ.

ಕರೆದ ರೀತಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2020ರ ಅಕ್ಟೋಬರ್ ತೋರಿಸಿತು. ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟಿ-ಶರ್ಟ್ ಸಿಗುತ್ತಿತ್ತು. ವಿವರಣೆಯ ಕಡತಕ್ಕೆ 'ಅದ್ಭುತ ಯೋಜನೆ' ಎಂಬಂಥ ಮಾತು ಸೇರಿಸಿದ ಸಾವಿರಾರು ತಿದ್ದುಪಡಿಗಳು ಜಗತ್ತಿನ ಯೋಜನೆಗಳಿಗೆ ನುಗ್ಗಿದವು. ಒಂದೊಂದನ್ನೂ ಯಾರೋ ಒಬ್ಬರು ತೆರೆದು, ಓದಿ, ಮುಚ್ಚಬೇಕಾಯಿತು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಬಂತು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಕಳಿಸುವುದು ಹೇಗೆಂದು ಅವರಿಗೆ ಯಾರೋ ಕಲಿಸಿದ್ದರು, ಆ ತುದಿಯಲ್ಲಿ ಓದುವ ಮನುಷ್ಯರಿದ್ದಾರೆ ಎಂದು ಯಾರೂ ಹೇಳಿರಲಿಲ್ಲ. ಈಗ ಎಐ ಬರೆದುಕೊಟ್ಟ ಕೋಡನ್ನು ಅರ್ಥವಾಗದೆಯೇ ಕಳಿಸುವವರ ಬಗ್ಗೆಯೂ ನನ್ನ ಚಿಂತೆ ಇದೇ.

ಬೇಸಿಗೆ ಮುಗಿದ ಮೇಲೆ ಬಹಳ ಮಂದಿ ಯೋಜನೆಯಲ್ಲಿ ಉಳಿಯುವುದಿಲ್ಲ. ಶಾಲಿನಿಗೂ ಕ್ಯಾಂಪಸ್ ಸಂದರ್ಶನಗಳು ಬರುತ್ತವೆ, ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಕೋಡ್ ಉಳಿಯುತ್ತದೆ. ಗಿಟ್ ಎಂಬ ಸಾಧನ ಪ್ರತಿ ಸಾಲನ್ನೂ ಯಾರು, ಯಾವತ್ತು, ಯಾಕೆ ಬರೆದರು ಎಂದು ದಾಖಲಿಸಿಟ್ಟಿರುತ್ತದೆ. ಹತ್ತು ವರ್ಷದ ಮೇಲೆ ಇನ್ನಾವುದೋ ಊರಿನ ಹೊಸಬನೊಬ್ಬ ಈ ಸಾಲು ಇಲ್ಲೇಕಿದೆ ಎಂದು ಕೇಳಿದರೆ ಅದು ತೆರೆದು ತೋರಿಸುತ್ತದೆ: 'ಸ್ತ್ರೀ' ಎಂಬ ಪದವನ್ನು ನಡುವೆ ಕತ್ತರಿಸಬಾರದು. ಬರೆದವರು ಶಾಲಿನಿ. ಕೆಳಗೆ, ಓದಿ ಒಪ್ಪಿದವರ ಹೆಸರು.